ದೋಣಿಯೊಳಗಿನ ಪೆಟ್ರೋಲ್ ಇಂಜಿನ್: ಪಾಲನೆ, ಸುರಕ್ಷತೆ, ಸುಧಾರಣೆ

ದೋಣಿಯ ಒಡಲೊಳಗೆ, ತಳದ ಅಡ್ಡದಿಮ್ಮಿಗಳ ಮೇಲೆ ಸ್ಥಿರವಾಗಿ ಕೂರಿಸಲ್ಪಟ್ಟು, ಹಿಂದಕ್ಕೆ ಚಾಚಿದ ಶಾಫ್ಟಿನ ಮೂಲಕ ನೀರಿನಲ್ಲಿ ಮುಳುಗಿದ ಪ್ರೊಪೆಲರನ್ನು ತಿರುಗಿಸತಕ್ಕ ಇಂಜಿನ್ನಿಗೆ ಇನ್‌ಬೋರ್ಡ್ ಇಂಜಿನ್ ಅಥವಾ ಒಳ ಇಂಜಿನ್ ಎಂದು ಹೆಸರು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದು ನಡೆಸುವ ಔಟ್‌ಬೋರ್ಡ್ ಇಂಜಿನ್ನಿಗೂ ಇದಕ್ಕೂ ಶಕ್ತಿಯಲ್ಲಿಯಾಗಲಿ ದಹನಕ್ರಮದಲ್ಲಿಯಾಗಲಿ ಮೂಲಭೂತವಾದ ಭೇದವಿಲ್ಲ. ಭೇದವಿರುವುದು ಅವುಗಳ ನೆಲೆಯಲ್ಲಿ. ಹೊರಗಿನ ಇಂಜಿನ್ನಿನಿಂದ ಸೋರಿದ ಪೆಟ್ರೋಲಿನ ಆವಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಒಳಗಿನದರಿಂದ ಸೋರಿದ್ದು ದೋಣಿಯ ತಳದಲ್ಲಿಯೇ ಉಳಿಯುತ್ತದೆ. ಈ ಇಂಜಿನ್ನಿನ ಪಾಲನೆಯ ನಿಯಮಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದ ಹುಟ್ಟಿದವು.

ಸಮುದ್ರವಿಲ್ಲದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪ್ರಾಂತಕ್ಕೆ ಈ ವಿಷಯ ಏತಕ್ಕೆಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು ನದಿಗಳದು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಮೊದಲಾದ ಹೊಳೆಗಳು ಕೂಡಿ ಪಂಚಗಂಗೆಯಾಗಿ, ಕೊಲ್ಹಾಪುರ ಮತ್ತು ಇಚಲಕರಂಜಿಗಳನ್ನು ದಾಟಿ, ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತವೆ. ಆಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜಗಳನ್ನು ಹಾದು ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯೊಡನೆ ಒಂದಾಗುತ್ತದೆ. ಘಟ್ಟದ ಮಳೆ ಬಲಿತು, ರಾಧಾನಗರಿ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ತೆರೆದುಕೊಂಡು, ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ನೀರು 39 ಅಡಿಯ ಎಚ್ಚರಿಕೆಯ ಮಟ್ಟವನ್ನೂ 43 ಅಡಿಯ ಅಪಾಯದ ಮಟ್ಟವನ್ನೂ ಮೀರಿತೆಂದರೆ, ಶಿರೋಳ ತಾಲೂಕಿನ ಹಳ್ಳಿಗಳಿಗೆ ದೋಣಿಯ ಹೊರತು ಅನ್ಯ ಗತಿಯಿರುವುದಿಲ್ಲ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ಶಿರೋಲಿಯ ಬಳಿ ದಿನಗಟ್ಟಲೆ ಮುಚ್ಚಿಹೋಗಿತ್ತು. ಆಗ ಬಂದ ರಾಷ್ಟ್ರೀಯ ವಿಪತ್ತು ಪಡೆಯ ರಬ್ಬರ್ ದೋಣಿಗಳಿಗೆ ಇದ್ದುದು ಔಟ್‌ಬೋರ್ಡ್ ಇಂಜಿನ್ನುಗಳೆಂಬುದು ನಿಜ. ಆದರೆ ಇಂಧನ, ಕಿಡಿ, ತಂಪು, ಮುಳುಗಡೆ ಇವುಗಳನ್ನು ಕುರಿತು ಮುಂದೆ ಹೇಳುವುದರಲ್ಲಿ ಹೆಚ್ಚಿನ ಭಾಗ ಅವಕ್ಕೂ ಸಲ್ಲುತ್ತದೆ.

ಎರಡನೆಯ ಉತ್ತರ ಈ ನಾಡಿನ ಕುಶಲಕರ್ಮಿಗಳದು. ಕಬ್ಬಿನ ಗಾಣಕ್ಕೂ ನೀರೆತ್ತುವ ಪಂಪಿಗೂ ಬೇಕಾದ ಆಯಿಲ್ ಇಂಜಿನ್ನುಗಳನ್ನು ತಾನೇ ಎರಕ ಹೊಯ್ದು, ತಾನೇ ಲೇತಿಗೆ ಕಟ್ಟಿ ಕಡೆದು, ಜೋಡಿಸಿ ಮಾರಿದ ಊರು ಕೊಲ್ಹಾಪುರ. ಶಿವಾಜಿ ಉದ್ಯಮನಗರದ ಓಣಿಗಳಲ್ಲಿ ಮೊದಲುಗೊಂಡ ಆ ವಿದ್ಯೆ ಇಂದು ಶಿರೋಲಿ, ಗೋಕುಳ ಶಿರಗಾಂವ, ಕಾಗಲಗಳ ಔದ್ಯೋಗಿಕ ವಸಾಹತುಗಳವರೆಗೆ ಹಬ್ಬಿದೆ. ಪಿಸ್ಟನ್, ಬೇರಿಂಗ್, ಸಿಲಿಂಡರ್ ಬ್ಲಾಕ್‌ಗಳು ಇಲ್ಲಿಂದ ದೇಶದ ನಾನಾ ವಾಹನಗಳಿಗೆ ಹೋಗುತ್ತವೆ. 1904ರಲ್ಲಿಯೇ ಯಂತ್ರಮಗ್ಗವನ್ನು ಬರಮಾಡಿಕೊಂಡ ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಕಡೆಯುವ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಗಡಹಿಂಗ್ಲಜದ ಗ್ಯಾರೇಜಿನವನು ತನ್ನ ಮುಂದೆ ತಂದಿಟ್ಟ ಯಾವ ಇಂಜಿನ್ನನ್ನಾದರೂ ಬಿಚ್ಚಿ ಜೋಡಿಸಬಲ್ಲನು. ಈ ಸಾಮರ್ಥ್ಯವು ದೋಣಿ ಇಂಜಿನ್ನಿನ ವಿಷಯದಲ್ಲಿ ದೊಡ್ಡ ಸಂಪತ್ತು. ಆದರೆ ಒಂದೆಡೆಯಲ್ಲಿ ಅದೇ ದೊಡ್ಡ ಅಪಾಯವೂ ಹೌದು. ರಸ್ತೆಯ ಮೇಲಿನ ಇಂಜಿನ್ನಿಗೆ ಸರಿಹೋದ ಬಿಡಿಭಾಗವು ದೋಣಿಗೂ ಸರಿಹೋದೀತೆಂಬ ಸಹಜವಾದ ಊಹೆಯೇ ಆ ಅಪಾಯ.

ಪೆಟ್ರೋಲ್ ಇಂಜಿನ್ನು ರಸ್ತೆಗೆ ಬಂದಷ್ಟೇ ಬೇಗ ನೀರಿಗೂ ಇಳಿಯಿತು. ಜರ್ಮನಿಯ ಗಾಟ್ಲೀಬ್ ಡೈಮ್ಲರನು 1886ರಲ್ಲಿ ತನ್ನ ಇಂಜಿನ್ನನ್ನು ನೆಕಾರ್ ನದಿಯ ದೋಣಿಯೊಂದಕ್ಕೆ ಕೂರಿಸಿದಾಗ, ಪೆಟ್ರೋಲಿಗೆ ಜನರು ಹೆದರಿಯಾರೆಂದು ದೋಣಿಯ ಸುತ್ತ ತಂತಿಗಳನ್ನೂ ಪಿಂಗಾಣಿ ಗುಬುಟುಗಳನ್ನೂ ಕಟ್ಟಿ ಅದು ವಿದ್ಯುತ್ತಿನ ದೋಣಿಯೆಂಬಂತೆ ತೋರಿಸಿದನೆಂಬುದು ಯಂತ್ರಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಜನರ ಭಯ ನಿರಾಧಾರವಾದುದಾಗಿರಲಿಲ್ಲ. ಅನಂತರದ ಕಾಲದಲ್ಲಿ ಈ ವರ್ಗದ ಇಂಜಿನ್ನುಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಯುನಿವರ್ಸಲ್ ಕಂಪನಿಯ ಅಟಾಮಿಕ್ ಫೋರ್. 1947ರಿಂದ 1984ರವರೆಗೆ ತಯಾರಾದ, ನಾಲ್ಕು ಸಿಲಿಂಡರುಗಳ, ಸುಮಾರು 30 ಅಶ್ವಶಕ್ತಿಯ ಈ ಯಂತ್ರ ಇಂದಿಗೂ ಅನೇಕ ಹಾಯಿದೋಣಿಗಳಲ್ಲಿ ಕೆಲಸಮಾಡುತ್ತಿದೆ. ಭಾರತದಲ್ಲಿ ಒಳ ಇಂಜಿನ್ನುಗಳು ಬಹುಮಟ್ಟಿಗೆ ಡೀಸೆಲಿನವು. ಕರ್ನಾಟಕದ ಕರಾವಳಿಯ ನಾಡದೋಣಿಗಳಿಗೆ ಪೆಟ್ರೋಲಿನಿಂದ ಪ್ರಾರಂಭಿಸಿ ಸೀಮೆಎಣ್ಣೆಯಿಂದ ನಡೆಸುವ ಔಟ್‌ಬೋರ್ಡುಗಳು ರೂಢಿಯಾದವು. ಹೀಗಿದ್ದರೂ ವೇಗದ ವಿಹಾರದೋಣಿಗಳಲ್ಲಿ, ಮತ್ತು ಘಟ್ಟ ಇಳಿದರೆ ಮಾಲವಣ, ತಾರ್ಕರ್ಲಿಗಳಲ್ಲಿಯೂ ನಮ್ಮ ಮಲ್ಪೆಯಲ್ಲಿಯೂ ಕಾಣುವ ವಾಟರ್ ಸ್ಕೂಟರುಗಳಲ್ಲಿ, ಮುಚ್ಚಿದ ಒಡಲೊಳಗೆ ಪೆಟ್ರೋಲ್ ಇಂಜಿನ್ನೇ ಇದೆ. ಹಗುರತನ, ನಯವಾದ ಓಟ, ತತ್‌ಕ್ಷಣದ ವೇಗ ಇವು ಅದರ ಗುಣಗಳು.

ಅದರ ದೋಷವನ್ನು ಸಾವಧಾನವಾಗಿ ತಿಳಿಯಬೇಕು. ಪೆಟ್ರೋಲು ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಕೊಲ್ಹಾಪುರದ ಮೇ ತಿಂಗಳ ಬಿಸಿಲಿನಲ್ಲಿ ಎಷ್ಟು ಬಿಡುವುದೆಂಬುದನ್ನು ಊಹಿಸಬಹುದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ, ಇಳಿಜಾರು ಹುಡುಕುವ ನೀರಿನಂತೆ ಕೆಳಗಿಳಿದು, ದೋಣಿಯ ತಳಗುಂಡಿಯಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4ಕ್ಕಿಂತ ಕಡಿಮೆಯಿದ್ದರೆ ಹೊತ್ತಿಕೊಳ್ಳದು, 7.6ಕ್ಕಿಂತ ಹೆಚ್ಚಾದರೂ ಹೊತ್ತಿಕೊಳ್ಳದು. ನಡುವಿನ ಮಿಶ್ರಣವೆಲ್ಲ ಸ್ಫೋಟಕ. ಕಾರಿನ ಇಂಜಿನ್ನಿನ ಕೆಳಗೆ ನೆಲದವರೆಗೂ ಬಯಲಿರುವುದರಿಂದ ಸೋರಿದ ಆವಿ ಚದುರಿಹೋಗುತ್ತದೆ. ದೋಣಿಯ ತಳ ನೀರು ಒಳಬಾರದಂತೆ ಕಟ್ಟಿದ ತಳ. ನೀರು ಒಳಗೆ ಬಾರದೆಂದಮೇಲೆ ಆವಿಯೂ ಹೊರಗೆ ಹೋಗದು. ಮೇಲೆ ಕುಳಿತವನ ಮೂಗಿಗೆ ವಾಸನೆಯೇ ತಟ್ಟದೆ ಕೆಳಗೆ ಸ್ಫೋಟಕ ಮಿಶ್ರಣ ಸಿದ್ಧವಾಗಿರಬಹುದು. ಆಮೇಲೆ ಬೇಕಾದುದು ಸ್ಟಾರ್ಟರ್ ಮೋಟಾರಿನ ಒಂದು ಕಿಡಿ ಮಾತ್ರ.

ಆದುದರಿಂದ ಪ್ರಥಮ ನಿಯಮ ವಾಯುಸಂಚಾರ. ಇಂಜಿನ್ ಕೋಣೆಯ ತಳದಿಂದ, ಅಲ್ಲಿ ಸಹಜವಾಗಿ ನಿಲ್ಲುವ ನೀರಿನ ಮಟ್ಟಕ್ಕೆ ತುಸು ಮೇಲಿನಿಂದ, ಗಾಳಿಯನ್ನು ಹೀರಿ ಹೊರಚೆಲ್ಲುವ ವಿದ್ಯುತ್ ಬ್ಲೋಯರ್ ಇರತಕ್ಕದ್ದು. ಇಂಜಿನ್ ಪ್ರಾರಂಭಿಸುವ ಮುನ್ನ ಅದನ್ನು ಕನಿಷ್ಠ ನಾಲ್ಕು ನಿಮಿಷ ನಡೆಸತಕ್ಕದ್ದು. ಬ್ಲೋಯರಿನ ಕೊಳವೆ ಹರಿದಿದ್ದರೆ ಅಥವಾ ಅದರ ಬಾಯಿ ಮೇಲಕ್ಕೆ ಜಾರಿದ್ದರೆ ಮೋಟಾರಿನ ಸದ್ದು ಮಾತ್ರ ಕೇಳಿಸುತ್ತದೆ, ಕೆಲಸ ನಡೆಯುವುದಿಲ್ಲ; ಹೊರತೂತಿನ ಮುಂದೆ ಕೈಯಿಟ್ಟು ಗಾಳಿಯನ್ನು ಪರೀಕ್ಷಿಸಬೇಕು. ಇದಾದ ಮೇಲೂ ಮುಚ್ಚಳವನ್ನು ತೆಗೆದು, ಬಗ್ಗಿ, ಮೂಗಿನಿಂದ ನೋಡುವುದನ್ನು ಬಿಡಲಾಗದು. ಆವಿಸೂಚಕ ಯಂತ್ರಗಳು ಉಂಟು, ಅವನ್ನು ಕೂರಿಸುವುದು ಒಳ್ಳೆಯದು. ಆದರೆ ಅನುಭವಿಗಳ ಮೂಗನ್ನು ಅವು ಇಂದಿಗೂ ನಿವೃತ್ತಿಗೊಳಿಸಿಲ್ಲ. ಪೆಟ್ರೋಲ್ ತುಂಬುವಾಗ ಇಂಜಿನ್, ದೀಪ, ಒಲೆ ಎಲ್ಲವನ್ನೂ ಆರಿಸಿ, ಪ್ರಯಾಣಿಕರನ್ನು ಇಳಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ತುಂಬಬೇಕು. ಕೈಯಲ್ಲಿ ಎತ್ತಬಹುದಾದ ಡಬ್ಬಿಗಳನ್ನು ದೋಣಿಯೊಳಗೆ ತುಂಬದೆ ದಡಕ್ಕೆ ಒಯ್ದು ನೆಲದ ಮೇಲಿಟ್ಟು ತುಂಬಬೇಕು. ತುಂಬಿದ ಮೇಲೆ ಎಲ್ಲವನ್ನೂ ತೆರೆದು ಬ್ಲೋಯರ್ ನಡೆಸಬೇಕು.

ಎರಡನೆಯ ನಿಯಮ ಬಿಡಿಭಾಗಗಳದು. ಉದ್ಯಮನಗರದ ಮಿಸ್ತ್ರಿಗೆ ವಿಶೇಷವಾಗಿ ಹೇಳಬೇಕಾದ ಮಾತು ಇಲ್ಲಿದೆ. ದೋಣಿಯ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರುಗಳು ನೋಡುವುದಕ್ಕೆ ಕಾರಿನವುಗಳಂತೆಯೇ ಇರುತ್ತವೆ, ಅದೇ ತಿರುಪುಗಳಿಗೆ ಕೂರುತ್ತವೆ, ಬೆಲೆಯಲ್ಲಿ ಮಾತ್ರ ಹೆಚ್ಚು. ಆ ಹೆಚ್ಚಿನ ಬೆಲೆ ಒಳಗಿನ ಕಿಡಿ ಹೊರಗಿನ ಆವಿಯನ್ನು ಮುಟ್ಟದಂತೆ ಮಾಡಿದ ರಚನೆಗಾಗಿ: ಡಿಸ್ಟ್ರಿಬ್ಯೂಟರಿನ ಉಸಿರುತೂತಿಗೆ ಜ್ವಾಲೆಯನ್ನು ತಡೆಯುವ ಜಾಲರಿ, ಸ್ಟಾರ್ಟರಿಗೆ ಮುಚ್ಚಿದ ಕವಚ. ಕಾರಿನ ಯಾಂತ್ರಿಕ ಇಂಧನಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲು ರಸ್ತೆಗೆ ತೊಟ್ಟಿಕ್ಕುತ್ತದೆ. ದೋಣಿಯ ಪಂಪಿಗೆ ಎರಡು ಡಯಾಫ್ರಮುಗಳಿದ್ದು, ಒಂದು ಹರಿದಾಗ ಸೋರಿದ ಪೆಟ್ರೋಲನ್ನು ಪಾರದರ್ಶಕ ನಳಿಕೆಯೊಂದು ಕಾರ್ಬುರೇಟರಿನ ಕಡೆಗೆ ಒಯ್ಯುತ್ತದೆ, ಮತ್ತು ಆ ನಳಿಕೆಯಲ್ಲಿ ಇಂಧನ ಕಂಡದ್ದೇ ಪಂಪು ಕೆಟ್ಟುದರ ಸೂಚನೆಯಾಗುತ್ತದೆ. ದೋಣಿಯ ಕಾರ್ಬುರೇಟರು ಉಕ್ಕಿದಾಗ ಹೊರಚೆಲ್ಲದೆ ತನ್ನ ಗಂಟಲೊಳಕ್ಕೇ ಚೆಲ್ಲಿಕೊಳ್ಳುವಂತೆ ಮಾಡಲ್ಪಟ್ಟಿದೆ. ಅದರ ಬಾಯಿಗೆ ಕಾಗದದ ಏರ್ ಫಿಲ್ಟರಿನ ಬದಲು ಲೋಹದ ಜ್ವಾಲಾನಿರೋಧಕವಿದ್ದು, ಇಂಜಿನ್ ಹಿಮ್ಮುಖವಾಗಿ ಸಿಡಿದಾಗ ಬೆಂಕಿ ಹೊರಬರುವುದನ್ನು ತಡೆಯುತ್ತದೆ. ಇಂಧನದ ಹೋಸು ಸಹ ಬೆಂಕಿಯಲ್ಲಿ ಕೆಲವು ನಿಮಿಷ ತಾಳುವಂತೆ ಪರೀಕ್ಷಿಸಲ್ಪಟ್ಟುದಾಗಿರಬೇಕು.

ಪಿಸ್ಟನ್, ರಿಂಗು, ಬೇರಿಂಗು, ವಾಲ್ವುಗಳನ್ನು ಕೊಲ್ಹಾಪುರದಲ್ಲಿಯೇ ಮಾಡಿಸಬಹುದು. ಸಿಲಿಂಡರನ್ನು ಬೋರ್ ಮಾಡಿಸಿ, ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ ಹಳೆಯ ಇಂಜಿನ್ನನ್ನು ಹೊಸದರಂತೆ ಮಾಡುವಲ್ಲಿ ಈ ಊರಿನ ಕೈಗಳಿಗೆ ಸಮನಾದವು ವಿರಳ. ಆದರೆ ಇಂಧನವನ್ನು ಒಯ್ಯುವ ಮತ್ತು ವಿದ್ಯುತ್ತನ್ನು ಹರಿಸುವ ಭಾಗಗಳಲ್ಲಿ ಬದಲಿ ಸಾಮಾನಿಗೆ ಎಡೆಯೇ ಇಲ್ಲ. ದೋಣಿಗೆಂದೇ ಮಾಡಿದ ಭಾಗ ದೊರೆಯುವವರೆಗೆ ದೋಣಿ ದಡದಲ್ಲಿ ನಿಲ್ಲಲಿ.

ಸಕ್ಕರೆಯ ಜಿಲ್ಲೆಯಾದ ಕೊಲ್ಹಾಪುರದಲ್ಲಿ ಇಂಧನದ ಮಾತಿಗೆ ಒಂದು ವಿಶೇಷ ಸಂಬಂಧವುಂಟು. ಕಬ್ಬಿನ ಹಾಲು ಮತ್ತು ಕಾಕಂಬಿಯಿಂದ ಬಟ್ಟಿಯಿಳಿಸಿದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ 2022ರಲ್ಲಿ ಶೇಕಡಾ 10ನ್ನು ಮುಟ್ಟಿತು; ಶೇಕಡಾ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ರೈತನಿಗೆ ಇದರಿಂದ ಹಿತವಾಗಿದೆ. ಹಳೆಯ ದೋಣಿ ಇಂಜಿನ್ನಿನ ಒಡೆಯನಿಗಾದರೋ ಹೊಸ ಕರ್ತವ್ಯಗಳು ಬಂದಿವೆ. ಎಥನಾಲು ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ಮೀರಿದಾಗ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಮತ್ತು ಇಂಜಿನ್ನಿನ ನಳಿಕೆ ಹೀರುವುದು ಆ ತಳದಿಂದಲೇ. ಹಳೆಯ ರಬ್ಬರ್ ಹೋಸು, ಡಯಾಫ್ರಮ್, ಫೈಬರ್ ಗ್ಲಾಸಿನ ಟ್ಯಾಂಕು ಇವು ಎಥನಾಲಿನಿಂದ ಮೆತ್ತಗಾಗಿ ಕರಗತೊಡಗುತ್ತವೆ. ಮೆತ್ತಗಾದ ಹೋಸಿನಿಂದ ಸೋರಿದ ಹನಿ ತಳಗುಂಡಿಗೇ ಹೋಗುತ್ತದೆಂಬುದನ್ನು ಪುನಃ ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ: ಪೆಟ್ರೋಲಿನ ಒಂದು ಪಾಲು ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಆದುದರಿಂದ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿ, ಪೂರ್ಣಭಾರದಲ್ಲಿ ಗಂಟೆಗಟ್ಟಲೆ ದುಡಿಯುವ ದೋಣಿ ಇಂಜಿನ್ನಿನ ವಾಲ್ವುಗಳು ಸುಟ್ಟುಹೋಗಬಹುದು. ಜೆಟ್ಟನ್ನು ತುಸು ದೊಡ್ಡದಾಗಿಸುವುದು, ಎಥನಾಲಿಗೆ ತಾಳುವ ಹೋಸುಗಳನ್ನು ಹಾಕುವುದು, ನೀರನ್ನು ಬೇರ್ಪಡಿಸುವ 10 ಮೈಕ್ರಾನಿನ ಫಿಲ್ಟರನ್ನು ಕೂರಿಸುವುದು, ತಿಂಗಳುಗಟ್ಟಲೆ ನಿಲ್ಲುವ ದೋಣಿಯ ಟ್ಯಾಂಕನ್ನು ಬರಿದುಮಾಡಿಡುವುದು, ಇವು ಇದಕ್ಕೆ ಪರಿಹಾರ.

ಇಂಜಿನ್ನನ್ನು ತಂಪುಗೊಳಿಸುವುದು ನದಿಯ ನೀರು. ತಳದ ಕಿಂಡಿಯಿಂದ ಹೀರಿಕೊಂಡ ನೀರನ್ನು ರಬ್ಬರ್ ರೆಕ್ಕೆಗಳ ಇಂಪೆಲರೊಂದು ಬ್ಲಾಕಿನ ಸುತ್ತ ಹರಿಸಿ, ಕಡೆಗೆ ಹೊಗೆಯ ಜೊತೆಯಲ್ಲಿ ಹೊರಹಾಕುತ್ತದೆ. ಮಳೆಗಾಲದ ಪಂಚಗಂಗೆಯ ನೀರಿನಲ್ಲಿ ಹೊರಳಿಬರುವ ಕೆಂಪು ರೇವೆ ಈ ರೆಕ್ಕೆಗಳನ್ನು ಸವೆಸಿ, ಬ್ಲಾಕಿನ ಕಾಲುವೆಗಳಲ್ಲಿ ಗಟ್ಟಿಗೊಂಡು ಕೂರುತ್ತದೆ. ಬೇಸಗೆಯಲ್ಲಿ ಬೇರೆ ಕಾಟ: ಇಚಲಕರಂಜಿಯಿಂದ ಕೆಳಗೆ ಶಿರೋಳದವರೆಗೆ ನದಿಯ ಮುಖವನ್ನೇ ಮುಚ್ಚುವ ಜಲಕುಂಭಿಯ ಬೇರು ನಾರುಗಳು ಕಿಂಡಿಯನ್ನು ಕಟ್ಟುತ್ತವೆ, ಪ್ರೊಪೆಲರಿಗೆ ಸುತ್ತಿಕೊಳ್ಳುತ್ತವೆ. ಬಣ್ಣದ ಕಾರ್ಖಾನೆಗಳ ಮತ್ತು ಊರುಗಳ ಮಲಿನೋದಕದಿಂದ ಹೊಲಸಾದ ಆ ನೀರಿನ ಮೇಲೆ ಜಲಕುಂಭಿ ಕೊಬ್ಬುತ್ತಿದೆಯೆಂಬುದು ದುಃಖದ ಸಂಗತಿ. ನದಿಯ ರೋಗವೇ ಇಂಜಿನ್ನಿನ ರೋಗವಾಗಿ ಕಾಣಿಸಿಕೊಳ್ಳುತ್ತಿದೆ. ಇಂತಹ ಹೊಳೆಯಲ್ಲಿ ಓಡುವ ದೋಣಿಗೆ ತೊಳೆಯಲು ಸುಲಭವಾದ ಜಾಲರಿಯನ್ನು ಕಿಂಡಿಗೆ ಹಾಕಿ ಪ್ರತಿ ಪ್ರಯಾಣದ ನಂತರ ಬಿಚ್ಚಿ ನೋಡಬೇಕು; ಇಂಪೆಲರನ್ನು ವರ್ಷಕ್ಕೊಮ್ಮೆ ಬದಲಿಸಬೇಕು; ಹಳೆಯದರ ರೆಕ್ಕೆಯ ಚೂರು ಕಾಣೆಯಾಗಿದ್ದರೆ ಅದು ಸಿಕ್ಕುವವರೆಗೆ ಕೊಳವೆಗಳಲ್ಲಿ ಹುಡುಕಬೇಕು. ತುಕ್ಕನ್ನು ತನ್ನ ಮೇಲೆಳೆದುಕೊಂಡು ಇಂಜಿನ್ನನ್ನು ಉಳಿಸುವ ಲೋಹದ ತುಣುಕು ಕಡಲಿನಲ್ಲಿ ಸತುವಿನದಾದರೆ, ಸಿಹಿನೀರಿನಲ್ಲಿ ಮೆಗ್ನೀಸಿಯಮ್ಮಿನದು ಯುಕ್ತ. ಶುದ್ಧಜಲವನ್ನು ಇಂಜಿನ್ನಿನೊಳಗೇ ಸುತ್ತಿಸಿ, ನದಿಯ ನೀರು ಹೊರಗಿನ ಶಾಖವಿನಿಮಯ ಪೆಟ್ಟಿಗೆಯಲ್ಲಿ ಮಾತ್ರ ಹರಿಯುವಂತೆ ಮಾಡುವುದು ಇಂತಹ ಇಂಜಿನ್ನಿಗೆ ಮಾಡಬಹುದಾದ ಸುಧಾರಣೆಗಳಲ್ಲೆಲ್ಲ ಶ್ರೇಷ್ಠವಾದುದೆಂದು ನನ್ನ ಅಭಿಪ್ರಾಯ. ಪಂಚಗಂಗೆಯಂತಹ ನೀರಿನಲ್ಲಿ ಅದು ಇಂಜಿನ್ನಿನ ಆಯುಸ್ಸನ್ನು ವರ್ಷಗಟ್ಟಲೆ ಬೆಳೆಸುತ್ತದೆ.

ನೀರು ಹೊಕ್ಕ ಇಂಜಿನ್ನಿನ ಚಿಕಿತ್ಸೆಯನ್ನು ಮಹಾಪೂರಗಳು ಈ ಪ್ರಾಂತದ ಗ್ಯಾರೇಜುಗಳಿಗೆ ಚೆನ್ನಾಗಿ ಕಲಿಸಿವೆ. ನೀರು ಸಂಕೋಚಗೊಳ್ಳದ ವಸ್ತುವಾದುದರಿಂದ, ಸಿಲಿಂಡರಿನಲ್ಲಿ ನೀರಿರುವಾಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಕೈಯಿಂದ ತಿರುಗಿಸಿ ನೀರನ್ನು ಹೊರದೂಡಬೇಕು. ಅನಂತರ ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಹಾಲಿನ ಬಣ್ಣಕ್ಕೆ ತಿರುಗಿದ ಇಂಜಿನ್ ಆಯಿಲನ್ನು ಬಸಿದು, ಶುಚಿಯಾದುದು ಕಾಣುವವರೆಗೆ ಎರಡು ಮೂರು ಬಾರಿ ಹೊಸ ಆಯಿಲ್ ಬದಲಿಸಬೇಕು. ಇಂಧನವನ್ನೂ ಪೂರ್ತಿ ಬಸಿಯಬೇಕು. ಇದೆಲ್ಲ ನೀರಿನಿಂದ ಎತ್ತಿದ ಕೆಲವೇ ಗಂಟೆಗಳಲ್ಲಿ ಆಗಬೇಕು, ಏತಕ್ಕೆಂದರೆ ಗಾಳಿ ಸೋಕಿದೊಡನೆ ತುಕ್ಕು ವೇಗವಾಗಿ ಹಿಡಿಯುತ್ತದೆ. ತಕ್ಷಣ ಕೈಹಚ್ಚಲು ಬಿಡುವಿಲ್ಲದಿದ್ದರೆ ಇಂಜಿನ್ನನ್ನು ಶುಚಿಯಾದ ಸಿಹಿನೀರಿನಲ್ಲಿಯೇ ಮುಳುಗಿಸಿಡುವುದು ಮೇಲು. ಪೂರವಿಲ್ಲದೆಯೂ ಇದೇ ಕೇಡು ಬರುವ ದಾರಿಯೊಂದಿದೆ: ಹೊಗೆ ಮತ್ತು ನೀರು ಕೂಡುವ ರೈಸರ್ ಒಳಗಿನಿಂದ ತುಕ್ಕು ಹಿಡಿದು ತೂತಾದರೆ ತಂಪಿನ ನೀರು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಇದು ತಿಳಿಯದು. ಕಾಲಕಾಲಕ್ಕೆ ಬಿಚ್ಚಿ ನೋಡುವುದೊಂದೇ ಉಪಾಯ.

ಹೊಗೆಯ ಕೊಳವೆ ಸೋರಿದರೆ ಇನ್ನೊಂದು ಘೋರವಾದ ಅಪಾಯವಿದೆ. ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟುತ್ತದೆ. ತಲೆನೋವು, ಮಂಪರು, ವಾಂತಿ ಇವು ಮೊದಲ ಚಿಹ್ನೆಗಳು. ಮಳೆಗೆ ಟಾರ್ಪಾಲು ಹೊದಿಸಿಕೊಂಡು ಮಂದಗತಿಯಲ್ಲಿ ಸಾಗುವ ದೋಣಿಯಲ್ಲಿ, ಹಿಂದಿನ ಹೊಗೆ ಸುತ್ತಿಬಂದು ಮಕ್ಕಳಿರುವ ಮೂಲೆಯಲ್ಲಿಯೇ ತುಂಬಿಕೊಳ್ಳಬಹುದು. ಮುಂಬದಿಯಿಂದ ಹಿಂಬದಿಗೆ ಗಾಳಿಯಾಡಲು ಎಡೆಯನ್ನು ಸದಾ ಬಿಟ್ಟಿರಬೇಕು.

ಉಳಿದ ದಿನವಹಿ ಪಾಲನೆಯಲ್ಲಿ ಯಂತ್ರ ಬಲ್ಲವನಿಗೆ ಹೊಸದೇನೂ ಇಲ್ಲ: ಆಯಿಲ್, ಪ್ಲಗ್, ಪಾಯಿಂಟ್, ಟೈಮಿಂಗ್, ಕಂಪ್ರೆಶನ್. ನೀರಿನ ಇಂಜಿನ್ನಿಗೇ ಮೀಸಲಾದವು ಎರಡು. ಇಂಜಿನ್ನಿನ ಮತ್ತು ಶಾಫ್ಟಿನ ಜೋಡುತಟ್ಟೆಗಳ ನಡುವಿನ ಸಂದು ಸುತ್ತಲೂ ಒಂದೇ ಸಮನಾಗಿರಬೇಕು. ತಟ್ಟೆಯ ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು, ಮತ್ತು ಈ ಅಳತೆಯನ್ನು ದೋಣಿ ನೀರಿನಲ್ಲಿ ತೇಲುತ್ತಿರುವಾಗಲೇ ತೆಗೆಯಬೇಕು, ಏಕೆಂದರೆ ದಡದ ಮೇಲೆ ಅದರ ಒಡಲು ಬೇರೆ ರೀತಿಯಲ್ಲಿ ಬಾಗಿರುತ್ತದೆ. ಪ್ರೊಪೆಲರೂ ಇಂಜಿನ್ನಿಗೆ ತಕ್ಕುದಾಗಿರಬೇಕು. ಪೂರ್ತಿ ಥ್ರಾಟಲಿನಲ್ಲಿ ಇಂಜಿನ್ ತನಗೆ ನಿಗದಿಯಾದ ಸುತ್ತುಗಳನ್ನು ಮುಟ್ಟದಿದ್ದರೆ, ದೋಷ ಬಹಳ ಸಲ ಕಾರ್ಬುರೇಟರಿನದಾಗಿರದೆ ಅತಿಯಾದ ಪಿಚ್ಚಿನ ಪ್ರೊಪೆಲರಿನದಾಗಿರುತ್ತದೆ.

ಸುಧಾರಣೆಯೆಂದೊಡನೆ ಅಶ್ವಶಕ್ತಿಯನ್ನು ಹೆಚ್ಚಿಸುವುದೆಂದು ಭಾವಿಸುವ ವಾಡಿಕೆ ದೋಣಿಯ ವಿಷಯದಲ್ಲಿ ಅಷ್ಟು ಪ್ರಯೋಜನಕರವಲ್ಲ. ನೀರನ್ನು ಒತ್ತರಿಸಿಕೊಂಡು ಸಾಗುವ ಭಾರದ ದೋಣಿಗೆ ಅದರ ಉದ್ದವೇ ವೇಗದ ಮಿತಿಯನ್ನು ಹಾಕಿಕೊಡುತ್ತದೆ. ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ತೇವದ ದಿನಗಳಲ್ಲಿಯೂ ಪ್ರಾರಂಭ ಸುಲಭ. ವಿದ್ಯುತ್ ಇಂಧನಪಂಪನ್ನು ಕೂರಿಸುವುದಾದರೆ ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕವೇ ಅದಕ್ಕೆ ತಂತಿಯೆಳೆಯಬೇಕು. ಹಾಗಿದ್ದರೆ ಇಂಜಿನ್ ನಿಂತೊಡನೆ ಪಂಪೂ ನಿಲ್ಲುತ್ತದೆ, ಒಡೆದ ಹೋಸಿನಿಂದ ಟ್ಯಾಂಕು ತಳಗುಂಡಿಗೆ ಬರಿದಾಗುವುದಿಲ್ಲ. ಟ್ಯಾಂಕಿನ ಮೇಲ್ತುದಿಯಲ್ಲಿ ಆಂಟಿ-ಸೈಫನ್ ವಾಲ್ವು ಇರಬೇಕಾದುದೂ ಇದೇ ಕಾರಣದಿಂದ.

ಇಷ್ಟಾಗಿಯೂ ಬೆಂಕಿ ಬಿದ್ದರೆ ಮಾಡತಕ್ಕದ್ದಕ್ಕಿಂತ ಮಾಡಬಾರದ್ದು ಮುಖ್ಯ: ಇಂಜಿನ್ನಿನ ಮುಚ್ಚಳವನ್ನು ತೆರೆಯಬಾರದು, ಬ್ಲೋಯರನ್ನು ನಡೆಸುತ್ತಿರಬಾರದು, ಎರಡೂ ಬೆಂಕಿಗೆ ಗಾಳಿಯನ್ನು ಒದಗಿಸುತ್ತವೆ. ಮುಚ್ಚಳದಲ್ಲಿ ಮೊದಲೇ ಒಂದು ತೂತು ಕೊರೆದು ಬಿರಡೆ ಹಾಕಿಟ್ಟಿದ್ದರೆ, ಆ ತೂತಿನಿಂದಲೇ ಅಗ್ನಿಶಾಮಕದ ಮೂತಿಯನ್ನು ತೂರಿಸಿ ಒಳಗೆ ಬಿಡಬಹುದು. ಕೋಣೆಯೊಳಗೇ ಕೂರಿಸಿದ, ಶಾಖಕ್ಕೆ ತಾನೇ ತೆರೆದುಕೊಳ್ಳುವ ಅನಿಲದ ಸಿಲಿಂಡರು ಇನ್ನೂ ಲೇಸು.

1917ರ ಹಳೆಯ ಕಾನೂನನ್ನು ರದ್ದುಪಡಿಸಿ ಬಂದ 2021ರ ಒಳನಾಡು ಹಡಗುಗಳ ಅಧಿನಿಯಮವು ಯಂತ್ರಚಾಲಿತ ದೋಣಿಗಳಿಗೆ ತಪಾಸಣೆಯನ್ನೂ ನೋಂದಣಿಯನ್ನೂ ವಿಧಿಸಿದೆ. ಆದರೆ ಪೂರದ ರಾತ್ರಿ ದೋಣಿಯನ್ನು ನೀರಿಗಿಳಿಸುವವನು ಹಳ್ಳಿಯ ತರುಣ. ಅವನ ಕೈಗೆ ಬರುವ ಇಂಜಿನ್ನು ವರ್ಷದ ಹತ್ತು ತಿಂಗಳು ಪಂಚಾಯತಿಯ ಗೋದಾಮಿನಲ್ಲಿ ಹಳೆಯ ಪೆಟ್ರೋಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಿದ್ದಿರುವಂಥದು. ಕೃಷ್ಣಾ, ಪಂಚಗಂಗಾ, ಹಿರಣ್ಯಕೇಶಿಗಳ ತೀರದಲ್ಲಿ ದೋಣಿಯಿಟ್ಟುಕೊಂಡಿರುವ ಪ್ರತಿಯೊಂದು ಗ್ರಾಮವೂ ಮೇ ತಿಂಗಳು ಮುಗಿಯುವುದರೊಳಗೆ ಇಂಜಿನ್ನನ್ನು ಹೊರತೆಗೆದು, ಇಂಧನವನ್ನೂ ಹೋಸನ್ನೂ ಇಂಪೆಲರನ್ನೂ ಬದಲಿಸಿ, ಬಲ್ಲ ಮಿಸ್ತ್ರಿಯೊಬ್ಬನ ಎದುರಿನಲ್ಲಿ ದೋಣಿಯನ್ನು ನೀರಿಗಿಳಿಸಿ, ಅದನ್ನು ನಡೆಸುವ ತರುಣರ ಕೈಯಿಂದಲೇ ಒಂದು ಗಂಟೆ ಓಡಿಸಿ ನೋಡಲಿ.